ರಂಜಣಗಿ ನೀರು, ಫ್ಯಾನಿನ ಜಾಲರಿ, ಉಳಿದ ಅನ್ನ

ಏಪ್ರಿಲ್ ತಿಂಗಳು. ತಂಗಿಯ ಮಗನ ಜವಳ ನಮ್ಮ ಮನೆಯಲ್ಲೇ ಆಯಿತು. ಕಲಬುರಗಿಯ ಬಿಸಿಲು ಗೊತ್ತೇ ಇದೆ ಅಲ್ವಾ, ಅವತ್ತು ಮಧ್ಯಾಹ್ನ 42 ಡಿಗ್ರಿ. ರಾತ್ರಿ ಒಂಬತ್ತಾದರೂ ಅಡುಗೆಮನೆಯ ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ಊಟ ಮುಗಿದ ಮೇಲೆ ದೊಡ್ಡ ಬೋಗೋಣಿಯಲ್ಲಿ ಮೂರು ಕಿಲೋದಷ್ಟು ತಹರಿ ಉಳಿದಿತ್ತು. ತಹರಿ ಅಂದರೆ ಮಸಾಲೆ ಅನ್ನ, ಅವತ್ತಿನದು ಆಲೂಗಡ್ಡೆ, ಬಟಾಣಿ ಹಾಕಿದ್ದು. ಎಲ್ಲರೂ ದಣಿದಿದ್ದರು. ಮೇಲೊಂದು ತಾಟು ಮುಚ್ಚಿ, ಕಟ್ಟೆಯ ಮೇಲೆ ಹಾಗೇ ಬಿಟ್ಟು ಮಲಗಿದೆವು.

ಬೆಳಿಗ್ಗೆ ಎಂಟಕ್ಕೆ ಅದೇ ನಾಷ್ಟಾ. ಅವ್ವ ಮೂಸಿ ನೋಡಿದಳು, ಕೆಟ್ಟ ವಾಸನೆ ಇರಲಿಲ್ಲ. ನಾನು ನಾಲ್ಕು ಅಗಳು ಬಾಯಿಗೆ ಹಾಕಿಕೊಂಡೆ, ಹುಳಿಯೂ ಇರಲಿಲ್ಲ. ಕಡಾಯಿಯಲ್ಲಿ ಹಬೆ ಏಳುವ ತನಕ ಬಿಸಿ ಮಾಡಿ ಎಲ್ಲರಿಗೂ ಬಡಿಸಿದೆವು. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬರಾದ ಮೇಲೆ ಒಬ್ಬರು ಐದು ಜನ ವಾಂತಿ ಮಾಡಿಕೊಂಡರು. ಅದರಲ್ಲಿ ಏಳು ವರ್ಷದ ನನ್ನ ಮಗಳೂ ಇದ್ದಳು. ಅವಳ ಅಂಗೈ ಬೆವತು ತಣ್ಣಗಾಗಿದ್ದು ಈಗಲೂ ನನ್ನ ಕೈಗೆ ನೆನಪಿದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಅನ್ನ ಎಷ್ಟು ತಾಸು ಹೊರಗಿತ್ತು?" ಚಮಚ ಚಮಚವಾಗಿ ಓಆರ್‌ಎಸ್ ಕುಡಿಸುತ್ತಾ ಕೂತೆವು. ಸಂಜೆಗೆ ಎಲ್ಲರೂ ಸುಧಾರಿಸಿಕೊಂಡರು.

ನಾನು ಹದಿನಾರು ವರ್ಷದಿಂದ ಫ್ರಿಜ್, ಎಸಿ ರಿಪೇರಿ ಮಾಡುವವನು. ಬಿಸಿಯನ್ನು ಒಂದು ಕಡೆಯಿಂದ ತೆಗೆದು ಇನ್ನೊಂದು ಕಡೆ ಹಾಕುವುದೇ ನನ್ನ ಹೊಟ್ಟೆಪಾಡು. ಆದರೆ ಒಂದು ಬೋಗೋಣಿ ಅನ್ನ ಆರಲು ಎಷ್ಟು ಹೊತ್ತು ಬೇಕು ಅಂತ ಒಂದು ದಿನವೂ ಅಳೆದಿರಲಿಲ್ಲ. ಆ ವಾರದಿಂದಲೇ ಅಳೆಯಲು ಶುರು ಮಾಡಿದೆ. ಆರು ವಾರ ಹಿಡಿಯಿತು. ಏನು ಮಾಡಿದೆ, ಯಾವುದು ಕೈಕೊಟ್ಟಿತು, ಕೊನೆಗೆ ಏನು ನಿಂತಿತು, ಎಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರಣ ಹೇಳಿಬಿಡುತ್ತೇನೆ. ಅನ್ನದಲ್ಲಿ ಬೆಳೆಯುವ ಒಂದು ಬ್ಯಾಕ್ಟೀರಿಯಾ ಇದೆ, ಬ್ಯಾಸಿಲಸ್ ಸೀರಿಯಸ್ ಅಂತ ಹೆಸರು. ಅದು ಮಣ್ಣಿನದು. ಗದ್ದೆಯಿಂದಲೇ ಅಕ್ಕಿಯ ಜೊತೆ ಬರುತ್ತದೆ. ಬೀಜದ ಹಾಗೆ ಗಟ್ಟಿ ಚಿಪ್ಪಿನೊಳಗೆ ಮುದುಡಿಕೊಂಡು ಕೂತಿರುತ್ತದೆ. ಅಕ್ಕಿ ತೊಳೆದರೂ ಪೂರ್ತಿ ಹೋಗುವುದಿಲ್ಲ, ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಇಳಿಯಿತೋ, ಆ ಬೀಜ ಒಡೆದು ಬೆಳೆಯುತ್ತದೆ. 30ರಿಂದ 37 ಡಿಗ್ರಿ ಅಂದರೆ ಅದಕ್ಕೆ ಹಬ್ಬ. ಬೆಳೆಯುತ್ತಾ ಸೆರಿಯುಲೈಡ್ ಅನ್ನುವ ವಿಷ ಬಿಡುತ್ತದೆ. ಇದಕ್ಕೆ ವಾಸನೆ ಇಲ್ಲ, ರುಚಿ ಇಲ್ಲ. ಕುಕ್ಕರಿನೊಳಗಿನ 120 ಡಿಗ್ರಿಗೂ ಬಗ್ಗುವುದಿಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಕಡಿಮೆಯಾಗುತ್ತದೆ. ಆದರೆ ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ ನೀರು ಬತ್ತಿದರೆ ಕಷ್ಟ. ವಾಂತಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಅಂದರೆ ಬೆಳಿಗ್ಗೆ ನಾವು ಎಷ್ಟೇ ಬಿಸಿ ಮಾಡಿದರೂ ಆಗುವುದು ಏನೂ ಇರಲಿಲ್ಲ. ತಪ್ಪು ನಡೆದದ್ದು ರಾತ್ರಿ. ಇದು ತಲೆಗೆ ಹೋದ ಮೇಲೆ ನನ್ನ ಕೆಲಸ ಸ್ಪಷ್ಟವಾಯಿತು. ಬಿಸಿ ಮಾಡುವುದನ್ನು ಆಮೇಲೆ ನೋಡೋಣ, ಮೊದಲು ಅನ್ನವನ್ನು ಬೇಗ ಆರಿಸಬೇಕು.

ಮೊದಲ ರಾತ್ರಿ: ಏನೂ ಮಾಡದೆ ಅಳೆದದ್ದು

ಕಡ್ಡಿಯ ತುದಿ ಒಳಗೆ ಚುಚ್ಚಿ ನೋಡುವ ಅಡುಗೆ ಥರ್ಮಾಮೀಟರ್ ತಂದೆ. ಸೂಪರ್ ಮಾರ್ಕೆಟ್ ಕಡೆ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ಹೊಸದು ಅಂತ ನಂಬುವ ಅಭ್ಯಾಸ ನನಗಿಲ್ಲ. ಲೋಟದ ತುಂಬ ಐಸ್ ಚೂರು, ಮೇಲೆ ಸ್ವಲ್ಪ ನೀರು ಹಾಕಿ ಕಡ್ಡಿ ಇಟ್ಟೆ, 0.3 ತೋರಿಸಿತು. ಸೊನ್ನೆ ಬರಬೇಕಿತ್ತು, ನಡೆಯುತ್ತದೆ. ಕುದಿಯುವ ನೀರಲ್ಲಿ 98.6. ಇಲ್ಲಿ ನೂರು ಬರುವುದಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನೀರು 98.5 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಥರ್ಮಾಮೀಟರ್ ಸರಿ ಇದೆ ಅಂತಾಯಿತು.

ಒಂದು ಕಿಲೋ ಸೋನಾ ಮಸೂರಿ ಬೇಯಿಸಿದೆ. ಬೆಂದ ಮೇಲೆ ತೂಗಿದರೆ 2.8 ಕಿಲೋ. ಅವತ್ತಿನ ಹಾಗೇ ಅದೇ ಬೋಗೋಣಿ, ಅದೇ ತಾಟು, ಅದೇ ಕಟ್ಟೆ. ಕಡ್ಡಿಯನ್ನು ಅನ್ನದ ನಟ್ಟನಡುವೆ ಚುಚ್ಚಿಟ್ಟೆ. ಅಡುಗೆಮನೆ 34 ಡಿಗ್ರಿ ಇತ್ತು.

ರಾತ್ರಿ ಒಂಬತ್ತಕ್ಕೆ 88. ಹತ್ತಕ್ಕೆ 76. ಹನ್ನೊಂದಕ್ಕೆ 67. ಹನ್ನೆರಡಕ್ಕೆ 60. ಅಲಾರಂ ಇಟ್ಟು ಎದ್ದು ನೋಡಿದೆ, ಎರಡಕ್ಕೆ 50. ನಾಲ್ಕಕ್ಕೆ 44. ಬೆಳಿಗ್ಗೆ ಆರಕ್ಕೂ ಇನ್ನೂ 40. ಒಂಬತ್ತು ತಾಸು ಕಳೆದರೂ ಅನ್ನ ಆರಿಯೇ ಇರಲಿಲ್ಲ! ಇನ್ನೂ ಕೆಟ್ಟದ್ದು ಅಂಚಿನ ಅನ್ನ. ಬೋಗೋಣಿಯ ಗೋಡೆಗೆ ತಾಗಿದ ಅನ್ನ ಹನ್ನೆರಡಕ್ಕೇ 42ಕ್ಕೆ ಇಳಿದಿತ್ತು. ಆಮೇಲೆ ಬೆಳಗಿನ ತನಕ ಆ ಬ್ಯಾಕ್ಟೀರಿಯಾಕ್ಕೆ ಹಿತವಾಗುವ ಬಿಸಿಯಲ್ಲೇ ಕೂತಿತ್ತು.

ಆಹಾರ 5ರಿಂದ 60 ಡಿಗ್ರಿ ನಡುವೆ ಎರಡು ತಾಸಿಗಿಂತ ಜಾಸ್ತಿ ಇರಬಾರದು ಅನ್ನುವುದು ಸಾಮಾನ್ಯ ನಿಯಮ. ಹೊರಗಿನ ಗಾಳಿ 32 ಡಿಗ್ರಿ ದಾಟಿದ್ದರೆ ಒಂದೇ ತಾಸು. ನಮ್ಮೂರಲ್ಲಿ ಮಾರ್ಚಿನಿಂದ ಮಳೆ ಬೀಳುವ ತನಕ ಆ ಒಂದು ತಾಸಿನ ಲೆಕ್ಕವನ್ನೇ ಹಿಡಿಯಬೇಕು.

ಆ 2.8 ಕಿಲೋ ಅನ್ನವನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಮನಸ್ಸಿಗೆ ನೋವಾಯಿತು. ಓಣಿಯ ದನಕ್ಕೆ ಹಾಕಲಿಲ್ಲ. ಕಾರ್ಯ ಮುಗಿದ ಮೇಲೆ ಬುಟ್ಟಿಗಟ್ಟಲೆ ಅನ್ನ ತಂದು ದನದ ಮುಂದೆ ಸುರಿಯುತ್ತಾರಲ್ಲ, ಅದು ಪುಣ್ಯದ ಕೆಲಸ ಅಲ್ಲ. ಒಮ್ಮೆಲೇ ಅಷ್ಟು ಅನ್ನ ತಿಂದರೆ ದನದ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಸತ್ತೂ ಹೋಗುತ್ತವೆ.

ಅವ್ವನ ತಕರಾರು

ಅವ್ವ ಮೂರು ದಿನ ಸುಮ್ನೆ ನೋಡಿದಳು. ನಾಲ್ಕನೇ ದಿನ ಕೇಳಿಯೇಬಿಟ್ಟಳು. "ಏನೋ ಇದು, ಅನ್ನಕ್ಕ ಜ್ವರ ನೋಡ್ಲತ್ತಿ? ನಾವು ಸಣ್ಣವರಿದ್ದಾಗ ತಂಗಳ ತಿಂದೇ ಬೆಳದೀವಿ. ಆಗ ಯಾರಿಗ ಏನಾಗ್ಯಾದ?"

ಈ ಮಾತಿಗೆ ಉತ್ತರ ಕೊಡಲೇಬೇಕಿತ್ತು. ಅವಳು ಸುಳ್ಳು ಹೇಳುವವಳಲ್ಲ. ನಾನು ಕೇಳಿದೆ, "ಯವ್ವಾ, ಆಗ ತಂಗಳ ಅಂದ್ರ ಏನಿತ್ತು?"

ಅವಳೇ ಒಂದೊಂದಾಗಿ ಹೇಳಿದಳು. ಖಡಕ್ ರೊಟ್ಟಿ. ಜೋಳದ ನುಚ್ಚು. ಮಜ್ಜಿಗೆಯಲ್ಲಿ ಕಲಸಿದ ಅಂಬಲಿ. ಶೇಂಗಾ ಹಿಂಡಿ. ಅನ್ನ? "ಅನ್ನ ಹಬ್ಬಕ್ಕ, ಮದವಿಗಿ. ಅಷ್ಟ."

ಉತ್ತರ ಅಲ್ಲೇ ಇತ್ತು. ಖಡಕ್ ರೊಟ್ಟಿಯಲ್ಲಿ ನೀರೇ ಇಲ್ಲ. ನೀರಿಲ್ಲದ ಕಡೆ ಯಾವ ಬ್ಯಾಕ್ಟೀರಿಯಾವೂ ಬೆಳೆಯುವುದಿಲ್ಲ, ಅದಕ್ಕೇ ರೊಟ್ಟಿ ವಾರಗಟ್ಟಲೆ ಇರುತ್ತದೆ. ಅಂಬಲಿಗೆ ಹುಳಿ ಇದೆ, ಹುಳಿ ಏರಿದಂತೆ ಈ ಬ್ಯಾಕ್ಟೀರಿಯಾದ ಬೆಳವಣಿಗೆ ಕಟ್ಟಿಹೋಗುತ್ತದೆ. ಅನ್ನದಲ್ಲಿ ಮೂರರಲ್ಲಿ ಎರಡು ಪಾಲು ನೀರು, ಹುಳಿಯಂತೂ ಇಲ್ಲ. ನಮ್ಮದು ಜೋಳದ ಸೀಮೆ. ಆಹಾರ ಇಟ್ಟು ತಿನ್ನುವ ನಮ್ಮ ಬುದ್ಧಿ ಎಲ್ಲ ರೊಟ್ಟಿಯಿಂದ ಬಂದದ್ದು. ಈಗ ದಿನಾ ಎರಡು ಹೊತ್ತು ಅನ್ನ ಮಾಡುತ್ತೇವೆ, ಆದರೆ ಇಡುವುದು ಮಾತ್ರ ರೊಟ್ಟಿ ಇಟ್ಟ ಹಾಗೆ. ಇದನ್ನು ಹೇಳಿದಾಗ ಅವ್ವ ಒಪ್ಪಿದಳು ಅಂತ ಅಲ್ಲ. ಆದರೆ ಅವತ್ತಿನಿಂದ ನನ್ನ ಪಕ್ಕದಲ್ಲಿ ಬಂದು ಕೂರುತ್ತಿದ್ದಳು.

ಫ್ಯಾನು, ಕೂಲರು

ಎರಡನೇ ಪ್ರಯತ್ನ. ಅನ್ನವನ್ನು 45 ಸೆಂಟಿಮೀಟರ್ ಅಗಲದ ಸ್ಟೀಲ್ ಪರಾತದಲ್ಲಿ ಹರವಿದೆ. ಒಂದು ಇಂಚಿಗಿಂತ ಕಡಿಮೆ ದಪ್ಪ ಬಂತು. ಮೇಲೆ ಸೀಲಿಂಗ್ ಫ್ಯಾನ್. ಅರ್ಧ ತಾಸಿಗೆ 46, ಒಂದು ತಾಸಿಗೆ 37. ಬೋಗೋಣಿಯ ಜೊತೆ ಹೋಲಿಸಿದರೆ ಎಷ್ಟೋ ಮೇಲು. ಆದರೆ ಅಲ್ಲಿಗೇ ನಿಂತುಹೋಯಿತು. ಮನೆಯ ಗಾಳಿಯೇ 34 ಇರುವಾಗ ಫ್ಯಾನ್ ಅದಕ್ಕಿಂತ ಕೆಳಗೆ ಎಲ್ಲಿಂದ ಇಳಿಸುತ್ತದೆ? 37 ಅಂದರೆ ಸರಿಯಾಗಿ ಆ ಬ್ಯಾಕ್ಟೀರಿಯಾದ ತೊಟ್ಟಿಲಿಗೆ ತಂದು ಮಲಗಿಸಿದ ಹಾಗಾಯಿತು. ಮೇಲಿನ ಅಗಳು ಒಣಗಿ ಬಿರುಸಾದವು, ಅದು ಬೇರೆ.

ಮೂರನೆಯದು ಏರ್ ಕೂಲರ್. ನಮ್ಮೂರಲ್ಲಿ ಕೂಲರ್ ಇಲ್ಲದ ಮನೆ ಹುಡುಕಬೇಕು. ಅದರ ಮುಂದೆ ಪರಾತ ಇಟ್ಟೆ, ಮುಕ್ಕಾಲು ತಾಸಿಗೆ 30ಕ್ಕೆ ಬಂತು. ಖುಷಿಯಾಯಿತು. ಮರುದಿನ ಅನುಮಾನ ಬಂದು, ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಅದೇ ಜಾಗದಲ್ಲಿ ಒಂದು ತಾಸು ಹಿಡಿಸಿದೆ. ಬಟ್ಟೆಯ ಮೇಲೆ ಕಪ್ಪು ಧೂಳು, ಹುಲ್ಲಿನ ಎಳೆ, ಒಂದೆರಡು ಸಣ್ಣ ಹುಳ. ಕೂಲರಿನ ನೀರು ವಾರಗಟ್ಟಲೆ ಅದೇ ತಿರುಗುತ್ತಿರುತ್ತದೆ. ಆ ನೀರಿನ ಹನಿ ಅನ್ನದ ಮೇಲೆ ಬೀಳುವುದು ಬೇಡ. ಕೂಲರ್ ಕೈಬಿಟ್ಟೆ.

ಗಾಳಿ ಬಿಟ್ಟು ನೀರಿಗೆ ಬರಬೇಕಾಯಿತು. ತಣ್ಣನೆಯ ನೀರು ಪಾತ್ರೆಯ ತಳಕ್ಕೆ ತಾಗಿದರೆ ಗಾಳಿಗಿಂತ ಎಷ್ಟೋ ಪಾಲು ಬೇಗ ಬಿಸಿ ಎಳೆಯುತ್ತದೆ. ನನ್ನ ಕಸುಬಿನಲ್ಲಿ ಇದು ದಿನಾ ನೋಡುವ ಮಾತು. ಟಬ್ಬಿಗೆ ನಲ್ಲಿ ನೀರು ಹಿಡಿದು ಕಡ್ಡಿ ಇಟ್ಟರೆ 36! ಮಾಳಿಗೆ ಮೇಲಿನ ಟ್ಯಾಂಕಿನ ನೀರು, ರಾತ್ರಿ ಒಂಬತ್ತಕ್ಕೂ ಅಷ್ಟು.

ಆಗ ಅವ್ವ ಹೇಳಿದ ಮಾತಿಗೆ ನಾನು ಋಣಿ. "ರಂಜಣಗ್ಯಾಗಿನ ನೀರು ತಗೋ. ಅದು ಯಾವಾಗ ಬಿಸಿ ಇರ್ತದ?"

ರಂಜಣಗಿ ಅಂದರೆ ನೀರು ತುಂಬಿಡುವ ಮಣ್ಣಿನ ದೊಡ್ಡ ಮಡಕೆ. ಪಡಸಾಲೆಯ ಮೂಲೆಯಲ್ಲಿ ಅಂಥವು ಎರಡು ಇವೆ, ಸುತ್ತ ಒದ್ದೆ ಗೋಣಿಚೀಲ ಸುತ್ತಿಟ್ಟಿದ್ದು. ಕಡ್ಡಿ ಇಳಿಸಿದೆ. 25 ಡಿಗ್ರಿ. ಹೊರಗೆ ನಲ್ವತ್ತು ಇರಲಿ, ಗಾಳಿ ಒಣಗಿದಷ್ಟೂ ರಂಜಣಗಿ ತಣ್ಣಗೆ. ಮಣ್ಣಿನ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ. ನಾನು ರಿಪೇರಿ ಮಾಡುವ ಮಷೀನಿನೊಳಗೆ ನಡೆಯುವುದೂ ಇದೇ ಕೆಲಸ.

ಕಟ್ಟಿದ ಬಗೆ

40 ಲೀಟರಿನ ಪ್ಲಾಸ್ಟಿಕ್ ಟಬ್. ಅದರೊಳಗೆ ಪರಾತ ತೇಲಿಬಿಟ್ಟರೆ ಅನ್ನ ಕೈಯಾಡಿಸುವಾಗ ಒಂದು ಕಡೆ ವಾಲಿ ನೀರು ಒಳಗೆ ಬರುತ್ತಿತ್ತು. ಮೊದಲ ಸಲ ಹಾಗೇ ಆಗಿ ಅರ್ಧ ಅನ್ನ ಗಂಜಿಯಾಯಿತು. ಇಟ್ಟಿಗೆ ಇಟ್ಟು ನೋಡಿದೆ, ತಳಕ್ಕೆ ನೀರು ಸರಿಯಾಗಿ ತಾಗಲಿಲ್ಲ.

ಅಂಗಡಿಯಲ್ಲಿ ಸುಟ್ಟುಹೋದ ಟೇಬಲ್ ಫ್ಯಾನ್ ಒಂದು ಬಿದ್ದಿತ್ತು. ಅದರ ಹಿಂದಿನ ಜಾಲರಿ ಬಿಚ್ಚಿ, ಉಜ್ಜಿ ತೊಳೆದು, ಟಬ್ಬಿನೊಳಗೆ ಬೋರಲು ಹಾಕಿದೆ. ಜಾಲರಿಯ ಉಬ್ಬು ಮೇಲೆ ಬಂತು. ನಡುವಿನ ಉಬ್ಬನ್ನು ಸುತ್ತಿಗೆಯಿಂದ ತಟ್ಟಿ ಸ್ವಲ್ಪ ಚಪ್ಪಟೆ ಮಾಡಿದೆ. ಪರಾತ ಇಟ್ಟರೆ ಅಳ್ಳಾಡದೆ ಕೂತಿತು. ತಂತಿಗಳ ನಡುವೆ ನೀರು ಸಲೀಸಾಗಿ ಓಡಾಡುತ್ತದೆ, ಪರಾತದ ತಳಕ್ಕೆ ಎಲ್ಲ ಕಡೆಯೂ ತಾಗುತ್ತದೆ. ಪರಾತದ ಕಂಠಕ್ಕಿಂತ ನಾಲ್ಕು ಬೆರಳು ಕೆಳಗೆ ಟಬ್ಬಿನ ಗೋಡೆಯ ಮೇಲೆ ಮಾರ್ಕರಿನಿಂದ ಗೆರೆ ಎಳೆದೆ. ನೀರು ಆ ಗೆರೆ ದಾಟಬಾರದು. ಅಲ್ಲಿಗೆ ಸುಮಾರು 15 ಲೀಟರ್ ಹಿಡಿಯಿತು. ಧೂಳು, ನೊಣ ಬರದಂತೆ ಮೇಲೆ ಹಳೆ ಧೋತ್ರದ ತೆಳು ಬಟ್ಟೆ. ಪ್ರತಿ ಸಲ ಕುದಿಸಿ ಒಣಗಿಸಿದ್ದು.

ಇಷ್ಟಾದರೂ ಒಂದು ಸಮಸ್ಯೆ ಉಳಿಯಿತು. ಹದಿನೈದು ನಿಮಿಷಕ್ಕೆ ಅನ್ನ 42ಕ್ಕೆ ಇಳಿಯಿತು, ಆದರೆ ಟಬ್ಬಿನ ನೀರು 30ಕ್ಕೆ ಏರಿತು. ಅನ್ನ ಬಿಟ್ಟ ಬಿಸಿ ಎಲ್ಲಿ ಹೋಗಬೇಕು, ಅಲ್ಲೇ ಇದೆ. ಅದೇ ನೀರಲ್ಲಿ ಬಿಟ್ಟರೆ ಮತ್ತೆ ಫ್ಯಾನಿನ ಕತೆಯೇ. ಹಾಗಾಗಿ ಎರಡು ಹಂತ ಮಾಡಿದೆ. ಮೊದಲ ನೀರನ್ನು ಹದಿನೈದು ನಿಮಿಷಕ್ಕೆ ತೆಗೆದು ದಾಸವಾಳದ ಗಿಡಕ್ಕೆ ಹಾಕುವುದು. ಆಮೇಲೆ ಹೊಸ ರಂಜಣಗಿ ನೀರು, ಅದರಲ್ಲಿ ಫ್ರೀಜರಿನಲ್ಲಿ ಗಟ್ಟಿ ಮಾಡಿದ ಒಂದು ಲೀಟರಿನ ಎರಡು ಬಾಟಲಿ. ಬಾಟಲಿಗೆ ನೀರು ತುಂಬುವಾಗ ಮೇಲೆ ಮೂರು ಬೆರಳು ಖಾಲಿ ಬಿಡಿ. ನೀರು ಗಟ್ಟಿಯಾಗುವಾಗ ಹಿಗ್ಗುತ್ತದೆ, ಇಲ್ಲದಿದ್ದರೆ ಬಾಟಲಿ ಸೀಳುತ್ತದೆ.

ಐದು ನಿಮಿಷಕ್ಕೊಮ್ಮೆ ಒಣ ಸೌಟಿನಿಂದ ಕೈಯಾಡಿಸಬೇಕು. ಬರಿಗೈ ಬೇಡ. 88ರಲ್ಲಿ ಶುರುವಾದ 2.8 ಕಿಲೋ ಅನ್ನ ಐವತ್ತು ನಿಮಿಷಕ್ಕೆ 21! ಮೂರು ರಾತ್ರಿ ಮಾಡಿ ನೋಡಿದೆ. 21, 22, 21. ಆ ಮೂರನೇ ರಾತ್ರಿ ನಾನು, ಅವ್ವ, ನಮ್ಮನೆಯಾಕೆ ಮೂವರೂ ಟಬ್ಬಿನ ಸುತ್ತ ಕೂತು ಅಂಕಿ ಇಳಿಯುವುದನ್ನು ನೋಡಿದೆವು. ಹಬ್ಬದ ದಿನ ಹೂರಣ ಹದಕ್ಕೆ ಬರುವುದನ್ನು ಕಾಯ್ದ ಹಾಗೆ.

ದಿನದ ಅಡುಗೆಯಲ್ಲಿ ಉಳಿಯುವ ಒಂದು ಬಟ್ಟಲು ಅನ್ನಕ್ಕೆ ಇಷ್ಟೆಲ್ಲ ಬೇಕಿಲ್ಲ. ಅಗಲ ತಾಟಿನಲ್ಲಿ ತೆಳ್ಳಗೆ ಹರವಿ, ತಾಟನ್ನು ರಂಜಣಗಿ ನೀರು ಹಾಕಿದ ಅಗಲ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು, ಫ್ರಿಜ್ಜಿಗೆ ಹೋಗುವ ಹದಕ್ಕೆ ಬರುತ್ತದೆ.

ಫ್ರಿಜ್ ರಿಪೇರಿ

ಇಷ್ಟು ಮಾಡಿ ಆರಿಸಿದ ಅನ್ನ ಕೊನೆಗೆ ಹೋಗಿ ಕೂರುವುದು ಫ್ರಿಜ್ಜಿನಲ್ಲಿ. ಅದು ಎಷ್ಟು ತಣ್ಣಗಿದೆ? ನಾಬಿನ ಮೇಲೆ 1ರಿಂದ 7ರ ತನಕ ಬರೆದಿರುತ್ತದೆ, ಅದು ಡಿಗ್ರಿ ಅಲ್ಲ. ನಡುವಿನ ತಟ್ಟೆಯಲ್ಲಿ ಒಂದು ಲೋಟ ನೀರು ಇಡೀ ರಾತ್ರಿ ಇಟ್ಟು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಳೆದೆ. 11 ಡಿಗ್ರಿ. 5ಕ್ಕಿಂತ ಕೆಳಗಿರಬೇಕಿತ್ತು.

ಗ್ಯಾಸ್ಕೆಟ್, ಅಂದರೆ ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿ ನೋಡಿದೆ. ಬಾಗಿಲಿಗೂ ಪೆಟ್ಟಿಗೆಗೂ ನಡುವೆ ಒಂದು ಹಾಳೆ ಇಟ್ಟು ಬಾಗಿಲು ಹಾಕಿ ಎಳೆಯಬೇಕು. ಹಾಳೆ ಬಿಗಿಯಾಗಿ ಹಿಡಿದುಕೊಳ್ಳಬೇಕು. ಹೀಗೆ ಬಾಗಿಲಿನ ಸುತ್ತ ಒಂದು ಗೇಣಿಗೊಮ್ಮೆ ನೋಡುತ್ತಾ ಹೋದೆ. ಕೆಳಗಿನ ಹಿಂಜಿನ ಮೂಲೆಯಲ್ಲಿ ಹಾಳೆ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಜಾರಿ ಬಂತು. ಗ್ಯಾಸ್ಕೆಟ್ ಹರಿದಿರಲಿಲ್ಲ, ಮುದುಡಿತ್ತು. ಮಡಿಕೆಗಳಲ್ಲಿ ಹಾಲಿನ ಕಲೆ, ಸಕ್ಕರೆ ಅಂಟು. ಸೋಪಿನ ನೀರಿನಿಂದ ಉಜ್ಜಿದೆ. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೂಲೆಗೆ ಒತ್ತಿ ಹಿಡಿದೆ, ರಬ್ಬರ್ ಮೆತ್ತಗಾಯಿತು. ಬೆರಳಿನಿಂದ ಹೊರಕ್ಕೆ ಎಳೆದು ಆಕಾರಕ್ಕೆ ತಂದು, ಬಾಗಿಲು ಹಾಕಿ, ರಾತ್ರಿಯಿಡೀ ಟೇಪ್ ಸುತ್ತಿಟ್ಟೆ. ಬೆಳಿಗ್ಗೆ ಹಾಳೆ ಬಿಗಿಯಾಗಿ ಹಿಡಿಯಿತು. ನಿಮ್ಮಲ್ಲಿ ಗ್ಯಾಸ್ಕೆಟ್ ಹರಿದೇ ಹೋಗಿದ್ದರೆ ಬದಲಿಸಬೇಕು, ಅಂಟು ಹಚ್ಚಿ ಉಪಯೋಗವಿಲ್ಲ.

ಪ್ಲಗ್ ತೆಗೆದು ಹಿಂದಿನ ಕಾಯಿಲ್ ಮೇಲಿನ ಧೂಳು ಬ್ರಷ್ಷಿನಿಂದ ಜಾಡಿಸಿದೆ. ಫ್ರಿಜ್ಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆ. ಫ್ರೀಜರಿನಲ್ಲಿ ಕಟ್ಟಿದ್ದ ಹಿಮ ಕರಗಿಸಿದೆ. ಚಾಕುವಿನಿಂದ ಕೆರೆಯಲು ಹೋಗಬೇಡಿ, ಗ್ಯಾಸ್ ಪೈಪ್ ತೂತಾಗುತ್ತದೆ. ನಾಬ್ 3ರಿಂದ 5ಕ್ಕೆ. ಮರುದಿನ ಲೋಟದ ನೀರು 4 ಡಿಗ್ರಿ.

ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಸುಮಾರು ನಾಲ್ಕು ತಾಸು ತಂಪು ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಹೋದರೆ ಒಳಗಿನ ಅನ್ನವನ್ನು ನಾನು ತಿನ್ನಲು ಕೊಡುವುದಿಲ್ಲ.

ಅನ್ನವನ್ನು ಎರಡು ಇಂಚಿಗಿಂತ ಆಳವಿಲ್ಲದ ಸ್ಟೀಲ್ ಡಬ್ಬಿಗಳಲ್ಲಿ ಹಾಕಿ ಇಡುತ್ತೇವೆ, ಒಂದರ ಮೇಲೆ ಒಂದು ಒತ್ತದೆ. 21 ಡಿಗ್ರಿಯಲ್ಲಿ ಹೋದದ್ದು ಎರಡೂವರೆ ತಾಸಿಗೆ 6ಕ್ಕೆ ಬಂತು. ಡಬ್ಬಿಯ ಮೇಲೆ ಟೇಪು, ಟೇಪಿನ ಮೇಲೆ ದಿನ, ಹೊತ್ತು. ಬರೆಯುವ ಕೆಲಸ ಮಗಳದು. ಮನೆಯಲ್ಲಿ ಹಾಕಿಕೊಂಡ ನಿಯಮ ಒಂದೇ ದಿನ. 24 ತಾಸು ಕಳೆದರೆ ಗೊಬ್ಬರದ ಗುಂಡಿಗೆ.

ಬಿಸಿ ಮಾಡುವುದು, ತಿಂದು ಮುಗಿಸುವುದು

ಫ್ರಿಜ್ಜಿನಿಂದ ತೆಗೆದ ಅನ್ನ ಗಟ್ಟಿಯಾಗಿ, ಅಗಳು ಬಿಡಿಬಿಡಿಯಾಗಿ ಇರುತ್ತದೆ. ಕೆಟ್ಟಿದೆ ಅಂತ ಅಲ್ಲ. ತಣ್ಣಗಾದಾಗ ಅನ್ನದ ಪಿಷ್ಟ ಬಿಗಿದುಕೊಳ್ಳುತ್ತದೆ, ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಸಡಿಲವಾಗುತ್ತದೆ. ಒಂದು ಬಟ್ಟಲಿಗೆ ಎರಡು ಚಮಚ ನೀರು ಸಾಕು.

ನಟ್ಟನಡುವೆ 74 ಡಿಗ್ರಿ ಬರಬೇಕು. ಸುಮ್ನೆ ಹಬೆ ನೋಡಿ ನಂಬಬೇಡಿ. ಡಬ್ಬಿಯ ಅನ್ನವನ್ನು ಗಡ್ಡೆಯಾಗಿಯೇ ಕಡಾಯಿಗೆ ಹಾಕಿ ಐದು ನಿಮಿಷ ಬಿಟ್ಟು ಅಳೆದೆ. ಅಂಚಿನಲ್ಲಿ 85, ಹಬೆಯೂ ಏಳುತ್ತಿತ್ತು, ನಡುವೆ 48. ಗಡ್ಡೆ ಒಡೆದು, ನೀರು ಚಿಮುಕಿಸಿ, ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ ಅಷ್ಟೇ ಹೊತ್ತಿಗೆ ಎಲ್ಲ ಕಡೆ 80 ದಾಟಿತು. ತಹರಿಯಲ್ಲಿ ಆಲೂಗಡ್ಡೆಯನ್ನು ಚುಚ್ಚಿ ನೋಡಿ, ಅನ್ನಕ್ಕಿಂತ ನಿಧಾನವಾಗಿ ಬಿಸಿಯಾಗುತ್ತದೆ. ಮಾಂಸದ ತಹರಿಯಾದರೆ ತುಂಡಿನ ಒಳಗೆ. ಜಾಸ್ತಿ ಅನ್ನ ಇದ್ದರೆ ನನಗೆ ಇಡ್ಲಿ ಪಾತ್ರೆಯೇ ಇಷ್ಟ. ತೆಳು ಬಟ್ಟೆಯ ಮೇಲೆ ಎರಡು ಇಂಚು ಹರವಿ ಹನ್ನೆರಡು ನಿಮಿಷ ಹಬೆಯಲ್ಲಿಟ್ಟರೆ ಈಗಷ್ಟೇ ಬಸಿದ ಅನ್ನದ ಹಾಗೆ ಮೆತ್ತಗಾಗುತ್ತದೆ. ಮೈಕ್ರೋವೇವ್ ಇದ್ದವರು ನಡುವೆ ಒಮ್ಮೆ ತೆಗೆದು ಕಲಸಲೇಬೇಕು.

ಬೇಕಾದಷ್ಟೇ ತೆಗೆದು ಬಿಸಿ ಮಾಡುತ್ತೇವೆ. ಒಮ್ಮೆ ಬಿಸಿ ಮಾಡಿ ಉಳಿದದ್ದನ್ನು ಮತ್ತೆ ಫ್ರಿಜ್ಜಿಗೆ ಇಡುವುದಿಲ್ಲ.

ಒಗ್ಗರಣೆ ಅನ್ನಕ್ಕೆ ಈ ಫ್ರಿಜ್ ಅನ್ನ ಬಿಸಿ ಅನ್ನಕ್ಕಿಂತ ಮೇಲು. ಅಗಳು ಮುರಿಯುವುದಿಲ್ಲ, ಮುದ್ದೆಯಾಗುವುದಿಲ್ಲ. ಎಣ್ಣೆಯಲ್ಲಿ ಶೇಂಗಾ ಕೆಂಪಗೆ ಹುರಿದು, ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಉಳ್ಳಾಗಡ್ಡಿ, ಅರಿಶಿನ. ಅನ್ನ ಹಾಕಿ ಮುಚ್ಚಿಟ್ಟು 74 ನೋಡಿ ಇಳಿಸಿ, ಆಮೇಲೆ ಲಿಂಬೆ ಹಿಂಡಿ. ರಾತ್ರಿ ಹೊರಗಿಟ್ಟ ಅನ್ನಕ್ಕೆ ಬೆಳಿಗ್ಗೆ ಲಿಂಬೆ ಹಿಂಡಿದರೆ ಸರಿಹೋಗುತ್ತದೆ ಅಂತ ಕೆಲವರು ತಿಳಿದಿದ್ದಾರೆ. ಹೋಗುವುದಿಲ್ಲ. ಆಗಲೇ ಹುಟ್ಟಿದ ವಿಷಕ್ಕೆ ಲಿಂಬೆ ಏನು ಮಾಡೀತು?

ಮಕ್ಕಳಿಗೆ ಜಾಸ್ತಿ ಹಿಡಿಸಿದ್ದು ಧಪಾಟಿ. ಒಂದು ಬಟ್ಟಲು ಅನ್ನವನ್ನು ಅವ್ವ ಅಂಗೈ ಬುಡದಿಂದ ನುಣ್ಣಗೆ ನಾದುತ್ತಾಳೆ. ಎರಡು ಬಟ್ಟಲು ಜೋಳದ ಹಿಟ್ಟು, ಒಂದು ಹಿಡಿ ಕಡಲೆ ಹಿಟ್ಟು, ಎಳ್ಳು, ಅಜವಾನ, ಖಾರ, ಕೊತ್ತಂಬರಿ. ಅನ್ನದ ಅಂಟಿನಿಂದ ಹಿಟ್ಟು ಒಡೆಯದೆ ತೆಳ್ಳಗೆ ಬಡಿಯಲು ಬರುತ್ತದೆ. ಒದ್ದೆ ಬಟ್ಟೆಯ ಮೇಲೆ ತಟ್ಟಿ, ನಡುವೆ ತೂತು ಮಾಡಿ ಎಣ್ಣೆ ಬಿಟ್ಟು, ಎರಡೂ ಕಡೆ ಬೇಯಿಸಬೇಕು. ತೆಳ್ಳಗಿರುವುದರಿಂದ ಬಿಸಿ ಪೂರ್ತಿ ತಾಗುತ್ತದೆ.

ದೊಡ್ಡ ಪರೀಕ್ಷೆ

ಮೇ ಕೊನೆಯಲ್ಲಿ ಪಕ್ಕದ ಮನೆಯಲ್ಲಿ ನಿಶ್ಚಯ. ರಾತ್ರಿ ಒಂಬತ್ತೂವರೆಗೆ ಆ ಮನೆಯ ಕಾಕು ಬಾಗಿಲಿಗೆ ಬಂದರು. "ಎಂಟು ಕಿಲೋ ಅನ್ನ ಉಳದದ್ರಿ. ನಿಮ್ ಟಬ್ ಕೊಡ್ರಿ."

ನನ್ನ ಟಬ್ಬಿಗೆ ಒಂದು ಸಲಕ್ಕೆ ಮೂರು ಕಿಲೋ ಮಾತ್ರ. ಮೂರು ಸರದಿ ಅಂದರೆ ಕೊನೆಯದಕ್ಕೆ ಎರಡು ತಾಸು ಕಾಯಬೇಕು. ಆಗ ಮೊದಲ ರಾತ್ರಿಯ ಅಂಕಿಗಳು ಕೆಲಸಕ್ಕೆ ಬಂದವು. ಮುಚ್ಚಿದ ಬೋಗೋಣಿಯ ನಡುವೆ ಅನ್ನ ಮೂರು ತಾಸು 60ರ ಮೇಲೇ ಇರುತ್ತದೆ. ಅಂಚು ಮಾತ್ರ ಬೇಗ ಇಳಿಯುತ್ತದೆ. ಹಾಗಾಗಿ ಕಾಯುವ ಅನ್ನವನ್ನು ಮುಚ್ಚಿ, ಕೆಳಗೆ ತವಾ ಇಟ್ಟು, ಸಣ್ಣ ಉರಿಯ ಮೇಲೆ ಬಿಟ್ಟೆವು. ಅಂಚನ್ನು ಅಳೆಯುತ್ತಲೇ ಇದ್ದೆ, 65ರ ಕೆಳಗೆ ಬಿಡಲಿಲ್ಲ. ಅನ್ನ ಬಿಸಿಯಾಗೇ ಇರಲಿ ಅಥವಾ ತಣ್ಣಗಾಗಲಿ, ನಡುವೆ ಮಾತ್ರ ನಿಲ್ಲಬಾರದು.

ನನ್ನಲ್ಲಿ ಇದ್ದದ್ದು ನಾಲ್ಕು ಐಸ್ ಬಾಟಲಿ. ಇನ್ನೆರಡು ಎದುರು ಮನೆಯ ಫ್ರೀಜರಿನಿಂದ ಬಂದವು. ಎರಡೂ ರಂಜಣಗಿ ಖಾಲಿಯಾದವು, ಕಾಕು ಮನೆಯದೂ ಖಾಲಿಯಾಯಿತು. ಹತ್ತು ಇಪ್ಪತ್ತಕ್ಕೆ ಮೊದಲ ಸರದಿ 22. ಕೊನೆಯದು ಹನ್ನೆರಡು ಹೊಡೆದ ಮೇಲೆ ಮುಗಿಯಿತು. ಎಂಟು ಕಿಲೋವನ್ನು ಒಂದೇ ಫ್ರಿಜ್ಜಿಗೆ ತುರುಕಿದರೆ ಫ್ರಿಜ್ಜೇ ಬಿಸಿಯಾಗುತ್ತದೆ, ಅದಕ್ಕೆ ಐದು ಮನೆಗೆ ಹಂಚಿದೆವು. ಮಗಳು ನಿದ್ದೆಗಣ್ಣಲ್ಲೇ ಹದಿನಾಲ್ಕು ಡಬ್ಬಿಗೆ ಟೇಪ್ ಹಚ್ಚಿ ಹೊತ್ತು ಬರೆದಳು.

ಮರುದಿನ ಬೆಳಿಗ್ಗೆ ಐದೂ ಮನೆಯಲ್ಲಿ ಒಗ್ಗರಣೆ ಅನ್ನ. ಹನ್ನೊಂದು ಗಂಟೆಗೆ ನಾನು ಅಂಗಡಿಯಿಂದ ಮನೆಗೆ ಫೋನ್ ಮಾಡಿದೆ. ಅವ್ವ ಎತ್ತಿದಳು. "ಎಲ್ಲಾರೂ ಆರಾಮ ಅದಾರ. ನೀ ಮೊದಲ ಊಟಕ್ಕ ಬಾ." ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಹಾಗೇ ಕೂತೆ.

ಜಾಲರಿಯ ಬಣ್ಣ ಎದ್ದು ತುಕ್ಕು ಕಾಣಿಸುತ್ತಿದೆ. ಸ್ಟೀಲ್ ಸರಳಿನಿಂದ ಅದೇ ಅಳತೆಯ ಒಂದು ಚೌಕಟ್ಟು ಮಾಡಿಕೊಡಲು ವೆಲ್ಡಿಂಗ್ ಅಂಗಡಿಗೆ ಹೇಳಿದ್ದೇನೆ. ಈ ಸಲ ಎರಡು ಹೇಳಿದ್ದೇನೆ, ಒಂದು ಕಾಕು ಮನೆಗೆ.